ಅದು ಆಟಿಕೆಯಲ್ಲ

ಹೆಂಡತಿಗೆ ಈಗ ಏಳು ತಿಂಗಳು. ಮನೆಗೆ ಬಂದವರೆಲ್ಲ ನನ್ನ ಮೇಜಿನತ್ತ ನೋಡಿ ಹೇಳುವುದು ಒಂದೇ ಮಾತು: "ಓಹೋ, ಮಗುವಿಗೆ ಆಟಿಕೆ ಈಗಲೇ ತಯಾರಾಗುತ್ತಿದೆ!" ಕೇಳಿ ಕೇಳಿ ಸಾಕಾಗಿಹೋಗಿದೆ.

ಅದು ಆಟಿಕೆಯಲ್ಲ. ಒಂದು ಕಾಲಕ್ಕೆ ಮೀಟರ್‌ಗೇಜ್ ಹಳಿಗಳ ಮೇಲೆ ಪ್ರಯಾಣಿಕರ ಗಾಡಿಗಳನ್ನು ಎಳೆಯುತ್ತಿದ್ದ ವೈಪಿ ಉಗಿ ಎಂಜಿನ್, ಅಸಲಿನ 87ನೇ ಒಂದು ಪಾಲಿನಷ್ಟು ಗಾತ್ರದಲ್ಲಿ. ಹಿತ್ತಾಳೆ ಹಾಳೆ ಕತ್ತರಿಸಿ, ಅರದಿಂದ ಉಜ್ಜಿ, 12 ಮಿಲಿಮೀಟರ್ ಹಳಿಯ ಮೇಲೆ ಕೂರುವಂತೆ ಮಾಡಬೇಕು. ಬಾಯ್ಲರಿನ ಪಕ್ಕದ ಹಿಡಿಕಂಬಿ ಅರ್ಧ ಮಿಲಿಮೀಟರ್ ತಂತಿ. ಉಸಿರು ಬಿಗಿಹಿಡಿದು ಬೆಸೆಯಬೇಕು. ಇಂಥದ್ದನ್ನು ಯಾರಾದರೂ ಹಸುಳೆಯ ಕೈಗೆ ಕೊಡುತ್ತಾರೆಯೇ? ನೇರ ಬಾಯಿಗೇ ಹೋಗುತ್ತದೆ.

ನನಗೇನು ಎಚ್ಚರಿಕೆ ಇಲ್ಲವೇ? ಗರ್ಭಿಣಿ ಇರುವ ಮನೆಯಲ್ಲಿ ಸೀಸ ಬೇಡವೆಂದು ಹಳೆಯ ಬೆಸುಗೆ ತಂತಿಯನ್ನು ಮೊದಲ ತಿಂಗಳಲ್ಲೇ ಮನೆಯಿಂದ ಹೊರಗೆ ಸಾಗಿಸಿದೆ. ಅದು 183 ಡಿಗ್ರಿಗೆ ಬೆಣ್ಣೆಯಂತೆ ಕರಗುತ್ತಿತ್ತು. ಈಗಿನ ತವರ-ತಾಮ್ರದ ತಂತಿಗೆ 227 ಡಿಗ್ರಿ ಬೇಕು. ಒಂದು ಕಡೆ ಬೆಸೆಯುವಷ್ಟರಲ್ಲಿ ಪಕ್ಕದ ಬೆಸುಗೆ ಬಿಟ್ಟುಕೊಳ್ಳುತ್ತದೆ. ಆದರೂ ದೂರಲಿಲ್ಲ. ಬಣ್ಣ ಹಚ್ಚುವುದನ್ನು ಪೂರ್ತಿ ನಿಲ್ಲಿಸಿದ್ದೇನೆ.

ಮೊನ್ನೆ ಸೀಮಂತಕ್ಕೆ ಬಂದ ಚಿಕ್ಕಪ್ಪನವರು "ನೋಡೋಣ" ಎನ್ನುತ್ತಾ ಎಂಜಿನ್ನನ್ನು ಚಿಮಣಿ ಹಿಡಿದೇ ಎತ್ತಿದರು. ಮೂರು ವಾರದ ಕೆಲಸ, ಟಕ್ ಎಂದು ಕೈಗೆ ಬಂತು. "ಅಂಟು ಹಾಕಿಬಿಡು, ಆಟದ ಸಾಮಾನು ತಾನೇ" ಎಂದು ಕೋಸಂಬರಿ ತಿನ್ನಲು ಹೋದರು.