ಶಾಲು ಹೊದಿಸಿದ ಫೋಟೋ ಸಾಕು ಮೇಷ್ಟ್ರೇ, ಕೆಲಸ ತೋರಿಸಿ

ನಮ್ಮ ವಿಶ್ವವಿದ್ಯಾಲಯಗಳ ಫೇಸ್‌ಬುಕ್ ಪುಟಗಳನ್ನು ಒಂದು ಸಲ ಬಿಡುವಾಗಿ ನೋಡಿ. ಕುಲಪತಿಗಳು ದೀಪ ಹಚ್ಚುತ್ತಿರುವ ಫೋಟೋ. ಅತಿಥಿಗಳಿಗೆ ಮೈಸೂರು ಪೇಟ ತೊಡಿಸುತ್ತಿರುವ ಫೋಟೋ. ಶಾಲು, ಹಾರ, ಹಣ್ಣಿನ ಬುಟ್ಟಿ. ಎರಡು ದಿನದ ರಾಷ್ಟ್ರೀಯ ವಿಚಾರ ಸಂಕಿರಣದ ಫ್ಲೆಕ್ಸ್ ಮುಂದೆ ಹದಿನೈದು ಜನ ಸಾಲಾಗಿ ನಿಂತ ಫೋಟೋ. ಆ ಎರಡು ದಿನ ಒಳಗೆ ಏನು ಮಾತಾಡಿದರು, ಯಾರು ಯಾರ ಮಾತು ಒಪ್ಪಲಿಲ್ಲ, ಹೊಸದಾಗಿ ಏನು ಗೊತ್ತಾಯಿತು? ಒಂದು ಸಾಲೂ ಇರೋದಿಲ್ಲ. ಪಾಪ, ಊಟದ ಎಲೆಯ ಫೋಟೋ ಹಾಕಿದ್ದರೂ ಖುಷಿಯಾಗಿ ನೋಡುತ್ತಿದ್ದೆವು.

ನಾನು ವಿಶ್ವವಿದ್ಯಾಲಯದ ಒಳಗಿನವನಲ್ಲ. ಎಂ.ಎ. ಮುಗಿಸಿ ಹೊರಗೆ ಬಂದು ಬೇರೆ ಕೆಲಸ ಹಿಡಿದವನು. ಆದರೆ ಅಲ್ಲಿ ಯಾರು ಏನು ಓದುತ್ತಿದ್ದಾರೆ, ಏನು ಹುಡುಕುತ್ತಿದ್ದಾರೆ ಅಂತ ತಿಳಿದುಕೊಳ್ಳುವ ಆಸೆ ಇನ್ನೂ ಹೋಗಿಲ್ಲ. ನಮ್ಮ ತೆರಿಗೆ ದುಡ್ಡು, ಲೆಕ್ಕ ಕೊಡಿ ಅಂತ ಜೋರು ಮಾಡುವವನಲ್ಲ. ಸುಮ್ನೆ ಕುತೂಹಲ ಅಂತಿಟ್ಟುಕೊಳ್ಳಿ.

ತಮ್ಮ ಕೆಲಸವನ್ನು ಜನರಿಗೆ ತೋರಿಸುವ ವಿಷಯದಲ್ಲಿ ಉಳಿದವರು ಕೃಷಿ ವಿಶ್ವವಿದ್ಯಾಲಯಗಳನ್ನು ನೋಡಿ ಕಲಿಯಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣ ಜಿಕೆವಿಕೆಯಲ್ಲಿ, ಧಾರವಾಡದಲ್ಲಿ ಕೃಷಿ ಮೇಳ ಅಂದರೆ ಜನ ಊರಿಂದ ಗಾಡಿ ಮಾಡಿಕೊಂಡು ಬರುತ್ತಾರೆ. ಮಳಿಗೆಗಳ ಗದ್ದಲ ದಾಟಿ ಬೆಳೆ ತಾಕುಗಳ ಹತ್ತಿರ ಹೋದರೆ ನಿಜವಾದ ಮೇಳ ಅಲ್ಲಿರುತ್ತದೆ. ಜಿಕೆವಿಕೆಯ ರಾಗಿ ತಾಕಿನ ಮುಂದೆ ಒಬ್ಬ ಹಿರಿಯರನ್ನು ನೋಡಿದೆ. ಪಂಚೆ, ಹೆಗಲ ಮೇಲೊಂದು ಟವೆಲ್. ಪಕ್ಕದಲ್ಲಿ ನೆಟ್ಟಿದ್ದ ಬೋರ್ಡಿನ ಕಡೆ ಕಣ್ಣೂ ಹಾಯಿಸಲಿಲ್ಲ. ನೇರವಾಗಿ ಒಂದು ತೆನೆ ಹಿಡಿದರು, ಅಂಗೈಯಲ್ಲಿ ಉಜ್ಜಿದರು, ಹೊಟ್ಟು ಊದಿ ಕಾಳು ನೋಡಿದರು. ಅಲ್ಲಿದ್ದ ವಿಜ್ಞಾನಿ ಎಕರೆಗೆ ಎಷ್ಟು ಕ್ವಿಂಟಾಲ್ ಅಂತ ಶುರು ಮಾಡಿದರು. ಇವರು ಮಧ್ಯದಲ್ಲೇ ತಡೆದು, "ಅದಿರ್ಲಿ ಸಾ, ಹುಲ್ಲು ಎಷ್ಟುದ್ದ ಬತ್ತದೆ? ಮನೇಲಿ ದನ ಅವೆ" ಅಂದರು. ವಿಜ್ಞಾನಿ ಬೋರ್ಡ್ ಬಿಟ್ಟು ತಾಕಿನೊಳಗೆ ಇಳಿದು ಗಿಡದ ಪಕ್ಕ ನಿಂತು ತೋರಿಸಿದರು, ಸೊಂಟದ ಮಟ್ಟ. ಆಮೇಲೆ ಬೆಂಕಿ ರೋಗದ ಮಾತು ಬಂತು, ಗಾಳಿಗೆ ಮಲಗುತ್ತದಾ ಅನ್ನುವುದು ಬಂತು, ತಡವಾಗಿ ಬಿತ್ತಿದರೆ ಏನಾಗುತ್ತದೆ ಅನ್ನುವುದೂ ಬಂತು. ಒಂದೆರಡು ಪ್ರಶ್ನೆಗೆ ವಿಜ್ಞಾನಿ, "ಅದನ್ನ ನಾವಿನ್ನೂ ನೋಡಿಲ್ಲ ಯಜಮಾನ್ರೇ" ಅಂದರು. ನನಗೆ ಬಹಳ ಇಷ್ಟವಾಗಿದ್ದು ಅದು. ಯಜಮಾನರಿಗೂ ಆಮೇಲೆಯೇ ನಂಬಿಕೆ ಬಂದ ಹಾಗಿತ್ತು.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್‌ನಲ್ಲಿ ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರು ಜನರ ಬಾಯಲ್ಲಿ 'ರಾಗಿ ಲಕ್ಷ್ಮಣಯ್ಯ' ಆದರು. ಡಾಕ್ಟರೇಟು, ಪ್ರಶಸ್ತಿ ಯಾವುದೂ ಈ ಹೆಸರಿನ ಹತ್ತಿರ ಬರೋದಿಲ್ಲ ಬಿಡಿ.

"ಕೃಷಿ ಬೇರೆ ಸ್ವಾಮಿ, ಇತಿಹಾಸ, ಗಣಿತ, ಭಾಷಾಶಾಸ್ತ್ರ ಜನಕ್ಕೆ ಎಲ್ಲಿ ಅರ್ಥವಾಗುತ್ತದೆ?" ಅಂತ ಕೆಲವು ಮೇಷ್ಟ್ರುಗಳು ಹೇಳುತ್ತಾರೆ. ಇದನ್ನು ನಾನು ಒಪ್ಪೋದಿಲ್ಲ. ನೂರು ವರ್ಷದ ಹಿಂದೆಯೇ ನಮ್ಮವರು ಇದನ್ನು ಮಾಡಿ ತೋರಿಸಿದ್ದಾರೆ. 1918ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶಯ್ಯಂಗಾರ್ ಜೊತೆ ಸೇರಿ 'ವಿಜ್ಞಾನ' ಅಂತ ಕನ್ನಡ ಮಾಸಪತ್ರಿಕೆ ತಂದರು. ಎರಡೇ ವರ್ಷ ನಡೆಯಿತು, ಇರಲಿ. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯದ ಮೇಷ್ಟ್ರುಗಳು ಪ್ರಚಾರೋಪನ್ಯಾಸ ಅಂತ ಹಳ್ಳಿಗಳಿಗೆ ಹೋಗಿ ಮಾತಾಡಿ ಬರುತ್ತಿದ್ದರು. ಆ ಭಾಷಣಗಳನ್ನು ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗ ಸಣ್ಣ ಸಣ್ಣ ಪುಸ್ತಕ ಮಾಡಿ ಅಗ್ಗದ ಬೆಲೆಗೆ ಕೊಟ್ಟಿತು. ಹಳೆ ಮನೆಗಳ ಅಟ್ಟದಲ್ಲಿ ಈಗಲೂ ಒಂದೆರಡು ಸಿಗುತ್ತವೆ. ಆಗ ಮೈಕು ಇಲ್ಲ, ಯೂಟ್ಯೂಬ್ ಇಲ್ಲ, ಎಷ್ಟೋ ಊರಿಗೆ ಬಸ್ಸೂ ಇಲ್ಲ.

ಇನ್ನು ಬಿ.ಜಿ.ಎಲ್. ಸ್ವಾಮಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ಅಲ್ಲೇ ಪ್ರಿನ್ಸಿಪಾಲರೂ ಆದರು. ಹಾರ್ವರ್ಡ್‌ನಲ್ಲಿ ಕೆಲಸ ಮಾಡಿ ಬಂದವರು. ಅವರ 'ಹಸುರು ಹೊನ್ನು' ಓದಿದವರಿಗೆ ಗೊತ್ತು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುತ್ತಾರೆ. ಒಂದು ಗಿಡದ ಬಗ್ಗೆ ಗಂಭೀರವಾಗಿ ಹೇಳುತ್ತಿರುವಾಗಲೇ ಹುಡುಗರ ಕೀಟಲೆ ನುಗ್ಗುತ್ತದೆ. ಜೊತೆಗೆ ಅವರೇ ಬರೆದ ಚಿತ್ರಗಳು. ನಗುತ್ತಾ ಓದಿ ಮುಗಿಸುವ ಹೊತ್ತಿಗೆ ಹತ್ತಾರು ಗಿಡಗಳ ಪರಿಚಯ ನಿಮಗೆ ಆಗಿಹೋಗಿರುತ್ತದೆ. ಈ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಷ್ಟಕ್ಕೇ ನಿಲ್ಲಲಿಲ್ಲ ಅವರು. ಕಾಲೇಜಿನ ಒಳಗಿನ ರಾಜಕೀಯ, ಕಚೇರಿಯ ಫೈಲು, ಕಮಿಟಿಗಳ ನಾಟಕ ಎಲ್ಲವನ್ನೂ ಬೇರೆ ಪುಸ್ತಕಗಳಲ್ಲಿ ಲೇವಡಿ ಮಾಡಿ ಬರೆದರು. ಇಂಥ ಮನುಷ್ಯ ಇವತ್ತು ಫೇಸ್‌ಬುಕ್‌ನಲ್ಲಿ ಇದ್ದಿದ್ದರೆ ವಾರಕ್ಕೊಂದು ಶೋಕಾಸ್ ನೋಟಿಸು ಗ್ಯಾರಂಟಿ.

ಈಗಿನ ಮೇಷ್ಟ್ರುಗಳು ಯಾಕೆ ಹೀಗೆ ಬರೆಯೋದಿಲ್ಲ ಅಂತ ಕೇಳಿದರೆ ಉತ್ತರ ಸರಳ. ಬರೆದರೆ ಅವರಿಗೆ ಏನೂ ಸಿಗೋದಿಲ್ಲ. ಮೇಷ್ಟ್ರುಗಳ ನೇಮಕ, ಬಡ್ತಿಗೆ ಅಂಕ ಲೆಕ್ಕ ಹಾಕುವ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದ ಪಟ್ಟಿಯಲ್ಲಿ ಒಂದು ಸಂಶೋಧನಾ ಲೇಖನಕ್ಕೆ ವಿಜ್ಞಾನದವರಿಗೆ 8 ಅಂಕ, ಭಾಷೆ ಮತ್ತು ಸಮಾಜ ವಿಜ್ಞಾನದವರಿಗೆ 10. ಅದೇ ವಿಷಯವನ್ನು ಕನ್ನಡ ದಿನಪತ್ರಿಕೆಯಲ್ಲಿ ಸಾವಿರಾರು ಜನ ಓದುವ ಹಾಗೆ ಬರೆದರೆ ಸಂಶೋಧನೆಯ ಲೆಕ್ಕದಲ್ಲಿ ಸೊನ್ನೆ. ಬಡ್ತಿ ಬೇಕಾದವರು ಏನು ಮಾಡುತ್ತಾರೆ? ಯಾರೂ ಓದದ ಜರ್ನಲ್‌ಗೆ ದುಡ್ಡು ಕೊಟ್ಟು ಹಾಕಿಸುವವರೂ ಇದ್ದಾರೆ, ಅದು ಎಲ್ಲರಿಗೂ ಗೊತ್ತಿರುವ ಗುಟ್ಟು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2022ರಲ್ಲಿ ಒಂದು ಮಾರ್ಗಸೂಚಿ ತಂದಿತು. ವಿಜ್ಞಾನದಲ್ಲಿ ಕೆಲಸ ಮಾಡುವವರು ವರ್ಷಕ್ಕೆ ಕನಿಷ್ಠ 10 ದಿನ ತಾವು ಕಲಿತದ್ದನ್ನು ಸಮಾಜದ ಜೊತೆ ಹಂಚಿಕೊಳ್ಳಬೇಕು ಅಂತ. ಒಳ್ಳೆಯ ಮಾತೇ. ಆದರೆ ಬಡ್ತಿಯ ಅಂಕದಲ್ಲಿ ಅದಕ್ಕೊಂದು ಜಾಗ ಸಿಗುವ ತನಕ ಆ ಹತ್ತು ದಿನವೂ ಶಾಲು ಹಾರದಲ್ಲೇ ಕಳೆಯುತ್ತದೆ ಅಂತ ನನ್ನ ಗುಮಾನಿ.

ಒಂದು ಸ್ವಂತ ಬೇಜಾರು ಹೇಳಿಬಿಡುತ್ತೇನೆ. ನಮ್ಮೂರಿನಲ್ಲಿ ನಮ್ಮ ದೊಡ್ಡಮ್ಮ ಸೋಬಾನೆ ಪದಕ್ಕೆ ಹೆಸರುವಾಸಿ. ಒಬ್ಬ ಹುಡುಗ ಪಿಎಚ್‌ಡಿಗೆ ಅಂತ ಬಂದು, ಜಗಲಿ ಮೇಲೆ ಕೂತು ಎರಡು ದಿನ ಅವರ ಪದ ರೆಕಾರ್ಡ್ ಮಾಡಿಕೊಂಡ. ದೊಡ್ಡಮ್ಮ ಅವನಿಗೆ ಮುದ್ದೆ, ಉಪ್ಸಾರು ಬಡಿಸಿ, ಮರೆತಿದ್ದ ಪದಗಳನ್ನು ಪಕ್ಕದ ಮನೆಯವರನ್ನು ಕರೆಸಿ ನೆನಪು ಮಾಡಿಕೊಂಡು ಹಾಡಿದರು. ಹೋದವನು ಹೋದ. ಒಂದು ಕಾಗದ ಇಲ್ಲ, ಫೋನ್ ಇಲ್ಲ. "ಆ ಕೂಸು ಪಾಸಾಯ್ತೇನೋ ಮಗ?" ಅಂತ ದೊಡ್ಡಮ್ಮ ಎಷ್ಟೋ ಸಲ ಕೇಳಿದ್ದಾರೆ. ಅವರ ಧ್ವನಿಯ ಒಂದು ಕಾಪಿ ನಮ್ಮ ಮನೆಯಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಲ್ವಾ? ಯಾವ ವಿಶ್ವವಿದ್ಯಾಲಯ ಅಂತ ಹೇಳೋದು ಬೇಡ. ಇದು ಒಬ್ಬ ಹುಡುಗನ ತಪ್ಪೂ ಅಲ್ಲ. ವೈವಾ, ಅಂದರೆ ಪಿಎಚ್‌ಡಿಯ ಮೌಖಿಕ ಪರೀಕ್ಷೆ, ಮುಗಿದ ಮೇಲೆ ಪದ ಕೊಟ್ಟವರ ಊರಿಗೆ ಹೋಗಿ ಒಂದು ಸಂಜೆ ಮಾತಾಡಿ ಬಾ ಅಂತ ಯಾವ ಗೈಡ್ ಹೇಳುತ್ತಾರೆ? ಹೇಳಬೇಕಿತ್ತು. ಪಿಎಚ್‌ಡಿ ಬೈಂಡಿಂಗ್ ಆಗುವ ಮೊದಲೇ ಆ ಊರಿನವರ ಮುಂದೆ ಒಂದು ಸಲ ಓದಿಸಿದ್ದರೆ, "ಈ ಪದ ಹಾಡೋದು ಧಾರೆ ಹೊತ್ತಿನಲ್ಲಿ ಅಲ್ಲ ಕಣಪ್ಪ" ಅಂತ ನಾಲ್ಕು ತಿದ್ದುಪಡಿಗಳಾದರೂ ಸಿಗುತ್ತಿದ್ದವು.

ಸಂಶೋಧನೆ ಮಾತ್ರ ಅಲ್ಲ, ಕ್ಯಾಂಪಸ್ಸಿನ ದಿನನಿತ್ಯದ ಬಗ್ಗೆಯೂ ಬರೆಯಬೇಕು. ಇದನ್ನು ನಾನು ಹೇಳುತ್ತಿರೋದು ಸುಮ್ನೆ ಮಜಾಕ್ಕಲ್ಲ. ಮನೆಯಲ್ಲಿ ಮೊದಲ ಸಲ ಪಿಜಿ ಓದುವ ಹುಡುಗಿಗೆ ಹಾಸ್ಟೆಲ್ ಅರ್ಜಿ ಯಾವಾಗ ಕರೆಯುತ್ತಾರೆ, ಲ್ಯಾಬಿನಲ್ಲಿ ಇಡೀ ದಿನ ಏನು ಮಾಡುತ್ತಾರೆ, ಫೆಲೋಶಿಪ್ ಅಂದರೇನು, ಅದು ತಿಂಗಳುಗಟ್ಟಲೆ ಬಾರದೆ ಇದ್ದಾಗ ಹೇಗೆ ನಡೆಸುತ್ತಾರೆ, ಗೈಡ್ ಜೊತೆ ಹೇಗೆ ಮಾತಾಡಬೇಕು, ಇವೆಲ್ಲ ಹೇಳಿಕೊಡುವವರು ಯಾರು? ಮೇಷ್ಟ್ರ ಮಕ್ಕಳಿಗೆ ಊಟದ ಹೊತ್ತಲ್ಲೇ ಇದೆಲ್ಲ ಕಿವಿಗೆ ಬಿದ್ದಿರುತ್ತದೆ. ನಮ್ಮ ಸಂಬಂಧಿಕರ ಒಬ್ಬ ಹುಡುಗಿ, ಯಾರೋ ಸಂಶೋಧನಾ ವಿದ್ಯಾರ್ಥಿನಿ ಮೊಬೈಲಲ್ಲಿ ತೆಗೆದು ಹಾಕಿದ ಕನ್ನಡ ವಿಡಿಯೋ ನೋಡಿಯೇ ಎಂ.ಎಸ್ಸಿ.ಗೆ ಅರ್ಜಿ ಹಾಕಿದಳು. ಆ ವಿಡಿಯೋದಲ್ಲಿ ದೊಡ್ಡದೇನೂ ಇರಲಿಲ್ಲ. ಪ್ರಯೋಗ ಮೂರನೇ ಸಲವೂ ಕೆಟ್ಟಿದೆ, ಮೆಸ್ಸಿನಲ್ಲಿ ಚಿತ್ರಾನ್ನ ಖಾಲಿ, ಸಂಜೆ ಮತ್ತೆ ಲ್ಯಾಬಿಗೆ ಹೋಗಬೇಕು. ಅಷ್ಟೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿ ವರ್ಷಕ್ಕೊಂದು ದಿನ ಗೇಟು ತೆರೆದು ಎಲ್ಲರನ್ನೂ ಒಳಗೆ ಬಿಡುತ್ತದೆ. ಆ ಜನಸಾಗರ ನೋಡಿದವರು 'ಜನಕ್ಕೆ ಆಸಕ್ತಿ ಇಲ್ಲ' ಅನ್ನುವ ಮಾತನ್ನು ಮತ್ತೆ ಆಡೋದಿಲ್ಲ. ನಮ್ಮ ಜಿಲ್ಲೆ ಜಿಲ್ಲೆಗಳಲ್ಲಿ ಇರುವ ವಿಶ್ವವಿದ್ಯಾಲಯಗಳಿಗೆ ಇದಕ್ಕೆ ದೊಡ್ಡ ಬಜೆಟ್ ಏನೂ ಬೇಡ. ಒಂದು ಭಾನುವಾರ ವಿಭಾಗದ ಬಾಗಿಲು ತೆರೆದು, ನಾಲ್ಕು ಕುರ್ಚಿ ಹಾಕಿ, ಬಂದವರು ಕೇಳಿದ್ದಕ್ಕೆ ಉತ್ತರ ಹೇಳಿದರೂ ಆಯಿತು. ಉದ್ಘಾಟನೆ ಮಾತ್ರ ಇಟ್ಟುಕೊಳ್ಳಬೇಡಿ, ಅರ್ಧ ದಿನ ಅದರಲ್ಲೇ ಹೋಗುತ್ತದೆ.

ಹೀಗೆಲ್ಲ ಹೇಳುವಾಗ ಅತಿಥಿ ಉಪನ್ಯಾಸಕರನ್ನು ಮರೆಯಬಾರದು. ಎಷ್ಟೋ ವಿಭಾಗಗಳು ನಡೆಯುತ್ತಿರುವುದೇ ಅವರಿಂದ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದವರು ಕ್ಯಾಂಪಸ್ಸಿನ ಬಗ್ಗೆ ಮುಕ್ತವಾಗಿ ಬರೆಯಿರಿ ಅಂದರೆ ಹೇಗೆ ಬರೆದಾರು? ಹಾಗಾಗಿ ನನ್ನ ಕೋರಿಕೆ ಇರೋದು ಕಾಯಂ ಆದವರಿಗೆ, ಅದರಲ್ಲೂ ಪ್ರೊಫೆಸರ್ ಆಗಿ ಇನ್ನು ಯಾವ ಬಡ್ತಿಯೂ ಬಾಕಿ ಇಲ್ಲದವರಿಗೆ. ನಿಮಗೆ ಅಂಕದ ಹಂಗಿಲ್ಲ ಸರ್, ಮೇಡಂ. ತಿಂಗಳಿಗೊಂದು ಬರೆಯಿರಿ. ಅರ್ಧಕ್ಕೆ ನಿಂತ ಕೆಲಸದ ಬಗ್ಗೆಯಾದರೂ ಸರಿ.

ಈಗಾಗಲೇ ಹೀಗೆ ಕನ್ನಡದಲ್ಲಿ ತಮ್ಮ ಕೆಲಸದ ಬಗ್ಗೆ ಬರೆಯುತ್ತಿರುವ ಮೇಷ್ಟ್ರುಗಳು ನಿಮ್ಮ ಫ್ರೆಂಡ್ ಲಿಸ್ಟಿನಲ್ಲಿದ್ದರೆ ಕೆಳಗೆ ತಿಳಿಸಿ. ಶಾಲಿನ ಫೋಟೋ ಹಾಕುವವರ ಹೆಸರು ಬೇಡ, ಅವರೆಲ್ಲ ನನ್ನ ಲಿಸ್ಟಿನಲ್ಲೂ ಇದ್ದಾರೆ.