ನಾಲ್ಕು ಮಳಿಗೆಗಳ ಕಟ್ಟಡ

ವಿಶ್ವವಿದ್ಯಾಲಯದ ಗೇಟಿನ ಎದುರು, ಕೆಳಗೆ ನಾಲ್ಕು ಮಳಿಗೆ, ಮೇಲೆ ಎರಡು ಕೋಣೆಗಳಿರುವ ಸಣ್ಣ ವಾಣಿಜ್ಯ ಕಟ್ಟಡವೊಂದನ್ನು ನಾನು ವಿದ್ಯಾರ್ಥಿಯಾಗಿದ್ದ ಕಾಲದಿಂದಲೂ ನೋಡುತ್ತಾ ಬಂದಿದ್ದೇನೆ. ಈಗ ಅದನ್ನು ಕೆಡವಿ, ಪಕ್ಕದ ನಿವೇಶನಗಳನ್ನೂ ಸೇರಿಸಿಕೊಂಡು ಬಹುಮಹಡಿ ಕಟ್ಟಡ ಎಬ್ಬಿಸುವ ಮಾತು ನಡೆದಿದೆ. ಹೊಸದನ್ನು ಕಟ್ಟಲೇಬಾರದೆಂಬ ಹಟ ನನಗಿಲ್ಲ; ಆದರೆ ಈ ಹಳೆಯ ಕಟ್ಟಡ ಇಷ್ಟು ವರ್ಷ ಮಾಡಿಕೊಂಡು ಬಂದ ಕೆಲಸವನ್ನು ಅದರ ಜಾಗದಲ್ಲಿ ಏಳುವ ಕಟ್ಟಡ ಮಾಡಲಾರದು ಎಂದು ನಾನು ಖಂಡಿತವಾಗಿ ನಂಬಿದ್ದೇನೆ.

ಮೊದಲ ಮಳಿಗೆಯಲ್ಲಿ ಒಂದು ಕಾಲಕ್ಕೆ ಬೆರಳಚ್ಚು ಯಂತ್ರಗಳಿದ್ದವು. ಅವು ಹೋಗಿ ಜೆರಾಕ್ಸ್ ಯಂತ್ರ ಬಂತು, ಅದರ ಬೆನ್ನಿಗೇ ಬೈಂಡಿಂಗ್ ಬಂತು. ಪಕ್ಕದಲ್ಲಿ ಹಳೆಯ ಪುಸ್ತಕಗಳು, ಆಮೇಲೆ ಇಂಟರ್ನೆಟ್ ಕೇಂದ್ರ, ಅದು ಮುಚ್ಚಿದಾಗ ಮೊಬೈಲ್ ರಿಪೇರಿ. ನನ್ನ ಮಹಾಪ್ರಬಂಧದ ಪ್ರತಿಗಳಿಗೆ ರಟ್ಟು ಹಾಕಿದ್ದು ಅಲ್ಲಿಯೇ. ಅಂಟು ಇನ್ನೂ ಪೂರ್ತಿ ಆರಿರದ ಆ ಪ್ರತಿಗಳನ್ನು ಎದೆಗವಚಿಕೊಂಡು ರಸ್ತೆ ದಾಟಿದ್ದು ನನಗೆ ಚೆನ್ನಾಗಿ ನೆನಪಿದೆ. ಜೆರಾಕ್ಸ್ ಯಂತ್ರದ ಭಾರಕ್ಕೆ ನೆಲದಲ್ಲಿ ಮೂಡಿದ ನಾಲ್ಕು ಗುಳಿಗಳು ಇವತ್ತಿಗೂ ಹಾಗೆಯೇ ಇವೆ.

ವಿಶ್ವವಿದ್ಯಾಲಯದ ಬಳಿ ಅಂಗಡಿ ಇಡುವವರ ಕಷ್ಟವೇ ಬೇರೆ. ಕೆಲವೇ ವರ್ಷಗಳಲ್ಲಿ ಗಿರಾಕಿಗಳೆಲ್ಲ ಓದು ಮುಗಿಸಿ ಹೊರಟುಹೋಗುತ್ತಾರೆ, ಹೊಸಬರಿಗೆ ಹೊಸದೇ ಏನೋ ಬೇಕಾಗಿರುತ್ತದೆ. ರಜೆಯಲ್ಲಿ ರಸ್ತೆ ಬಣಗುಟ್ಟಿದರೂ ಬಾಡಿಗೆಯನ್ನು ಹನ್ನೆರಡು ತಿಂಗಳೂ ಕಟ್ಟಬೇಕು. ಇಂಥ ಕಡೆ ಚಿಕ್ಕ ಮಳಿಗೆ ಮಾತ್ರ ತಾಳಿಕೊಳ್ಳುತ್ತದೆ. ಈ ಕಟ್ಟಡದಲ್ಲಿ ಪ್ರತಿ ಮಳಿಗೆಯ ಬಾಗಿಲೂ ನೇರ ರಸ್ತೆಗೆ ತೆರೆಯುತ್ತದೆ, ಮೆಟ್ಟಿಲು ಹೊರಗಿನಿಂದ ಇರುವುದರಿಂದ ಮೇಲಿನ ಕೋಣೆಗಳನ್ನು ಬೇರೆಯವರಿಗೆ ಕೊಡಬಹುದು, ಹಾಗಾಗಿ ಒಬ್ಬರು ಬಿಟ್ಟುಹೋದರೆ ಉಳಿದವರ ವ್ಯಾಪಾರ ನಿಲ್ಲುವುದಿಲ್ಲ. ಕಟ್ಟಿದವರು ಇದನ್ನೆಲ್ಲ ಯೋಚಿಸಿದ್ದರೋ ಇಲ್ಲವೋ, ಬಾಡಿಗೆದಾರರನ್ನು ಕಾಪಾಡಿದ್ದು ಆ ಹೊರಗಿನ ಮೆಟ್ಟಿಲೇ.

ಹೊಸ ಉದ್ಯಮಕ್ಕೆ ಹಳೆಯ ಕಟ್ಟಡ ಬೇಕು, ಹೊಸ ಕಟ್ಟಡದ ಬಾಡಿಗೆಯನ್ನು ಅದು ತಾಳಲಾರದು ಎಂದು ನಗರಗಳ ಬಗ್ಗೆ ಬರೆದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲಿಯೇ ವಾದಿಸಿದ್ದರು. ಕಣ್ಣೆದುರಿನ ಸಾಕ್ಷಿ ಅಮೆರಿಕದ ನಕಲು ಮಳಿಗೆಗಳ ಸಂಸ್ಥೆ ಕಿಂಕೋಸ್. 1959ರಲ್ಲಿ ಬಂದ ಜೆರಾಕ್ಸ್ 914 ಯಂತ್ರ ನಕಲು ತೆಗೆಯುವುದನ್ನು ಗುಂಡಿ ಒತ್ತುವಷ್ಟು ಸುಲಭ ಮಾಡಿತ್ತು. 1970ರಲ್ಲಿ ಪಾಲ್ ಓರ್ಫಲಿಯಾ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಕ್ಯಾಂಪಸ್ಸಿನ ಪಕ್ಕ ಒಂದು ಪುಟ್ಟ ಮಳಿಗೆ ಹಿಡಿದು ನಕಲು ಯಂತ್ರವಿಟ್ಟರು. ಒಳಗೆ ಜಾಗ ಸಾಲದೆ ಯಂತ್ರವನ್ನು ಪಾದಚಾರಿ ಮಾರ್ಗಕ್ಕೆ ತಳ್ಳಿಕೊಂಡು ಕೆಲಸ ಮಾಡಿದ್ದೂ ಉಂಟು. ಅಲ್ಲಿಂದ ಬೆಳೆದ ಕಿಂಕೋಸ್ ಸಂಸ್ಥೆಯನ್ನು 2004ರಲ್ಲಿ ಕೊರಿಯರ್ ಕಂಪನಿ ಫೆಡ್‌ಎಕ್ಸ್ ಕೊಂಡುಕೊಂಡಿತು. ದುಬಾರಿ ಮುಂಗಡ ಕೇಳುವ ದೊಡ್ಡ ಸಂಕೀರ್ಣದಲ್ಲಿ ಅಂಥ ಯುವಕನಿಗೆ ಯಾರು ಜಾಗ ಕೊಡುತ್ತಿದ್ದರು?

ಆದ್ದರಿಂದ ಇಂಥ ಕಟ್ಟಡದ ಬಳಕೆ ಬದಲಾದಾಗಲೆಲ್ಲ ಹೊಸ ಪರವಾನಗಿ, ಹೊಸ ಪಾರ್ಕಿಂಗ್ ಜಾಗ ಎಂದು ಕೇಳಿ ಬಾಡಿಗೆದಾರರನ್ನು ಅಲೆಸುವುದು ತಪ್ಪು. ನಡೆದು ಬರುವ ವಿದ್ಯಾರ್ಥಿಗಳಿಗೆ ಕಾರು ನಿಲ್ಲಿಸುವ ಜಾಗ ಏಕೆ? ಬೆಂಕಿಯ ಸುರಕ್ಷತೆ, ವಿದ್ಯುತ್ ತಂತಿ, ಸೋರುವ ತಾರಸಿ, ಇವುಗಳನ್ನು ಮಾತ್ರ ಕಟ್ಟುನಿಟ್ಟಾಗಿ ನೋಡಲಿ. ಮಾಲೀಕರು ಮಾರಲೇಬೇಕೆಂದಿದ್ದರೆ ವಿಶ್ವವಿದ್ಯಾಲಯವೇ ಮುಂದೆ ಬಂದು ಕೊಂಡು, ತಾರಸಿ ದುರಸ್ತಿ ಮಾಡಿಸಿ, ಮಳಿಗೆಗಳ ನಡುವಿನ ಗೋಡೆಗಳನ್ನು ಒಡೆಯದೆ ಈಗ ಇರುವವರಿಗೇ ಬಾಡಿಗೆಗೆ ಕೊಡಲಿ. ಮೇಲಿನ ಎರಡು ಕೋಣೆಗಳು ಸದ್ಯಕ್ಕೆ ಖಾಲಿ ಇವೆ. ಓದು ಮುಗಿಸಿ ಸ್ವಂತ ಕೆಲಸ ಆರಂಭಿಸಬೇಕೆಂದಿರುವ ವಿದ್ಯಾರ್ಥಿಗಳಿಗೆ ಮೊದಲ ವರ್ಷ ಅವನ್ನು ಕಡಿಮೆ ಬಾಡಿಗೆಗೆ ಕೊಟ್ಟು ನೋಡಲಿ.