1912ರ ಬೋ ಅಂಡ್ ಬ್ರಾಮ್ಲಿ: ತಿರಸ್ಕರಿಸಿದವರು ಯಾರು?

ಪೂರ್ವ ಲಂಡನ್ನಿನ ಬೋ ಅಂಡ್ ಬ್ರಾಮ್ಲಿ ಕ್ಷೇತ್ರದ ಉಪಚುನಾವಣೆಯಲ್ಲಿ, ಮಹಿಳೆಯರಿಗೆ ಮತದ ಹಕ್ಕು ಬೇಕೆಂದು ನಿಂತ ಬ್ರಿಟಿಷ್ ರಾಜಕಾರಣಿ ಜಾರ್ಜ್ ಲ್ಯಾನ್ಸ್‌ಬರಿ 751 ಮತಗಳಿಂದ ಸೋತದ್ದಕ್ಕೆ 'ಮಹಿಳೆಯರ ಮತದ ಹಕ್ಕನ್ನು ಜನ ತಿರಸ್ಕರಿಸಿದರು' ಅಂತ ಲೇಖಕರೊಬ್ಬರು ಬರೆದಿದ್ದಾರೆ. ಯಾವ ಜನ ಸ್ವಾಮಿ? ಆ ಉಪಚುನಾವಣೆಯಲ್ಲಿ ಒಬ್ಬ ಹೆಂಗಸಿಗೂ ಮತವಿರಲಿಲ್ಲ. ಪೂರ್ವ ಲಂಡನ್ನಿನ ಬಡ ಗಂಡಸರಲ್ಲೂ ಎಷ್ಟೋ ಮಂದಿಗೆ ಇರಲಿಲ್ಲ. ಗೆದ್ದ ಸೀಟಿಗೆ ತಾವಾಗಿಯೇ ರಾಜೀನಾಮೆ ಕೊಟ್ಟು, ಇದೊಂದೇ ವಿಷಯ ಹಿಡಿದು ಪಕ್ಷೇತರರಾಗಿ ನಿಂತವರು ಲ್ಯಾನ್ಸ್‌ಬರಿ. ಅವರದೇ ಲೇಬರ್ ಪಕ್ಷ ಬೆನ್ನಿಗೆ ನಿಲ್ಲಲಿಲ್ಲ. ಮಹಿಳಾ ಮತದ ಹಕ್ಕಿಗಾಗಿ ಹೋರಾಡುತ್ತಿದ್ದ ಪ್ಯಾಂಕ್‌ಹರ್ಸ್ಟ್ ಸಂಘಟನೆಗೂ ಸ್ಥಳೀಯ ಲೇಬರ್ ಕಾರ್ಯಕರ್ತರಿಗೂ ಸರಿಬರಲಿಲ್ಲ. ಮತದಾರರನ್ನು ಕರೆತರುವ ಕಾರುಗಳ ವಿಷಯದಲ್ಲೂ ಮತದಾನದ ದಿನವೇ ಜಗಳ! ಇಷ್ಟೆಲ್ಲ ಬಿಟ್ಟು ಸುಮ್ನೆ ಬೇಡಿಕೆಯ ಮೇಲೆ ಸೋಲು ಹೊರಿಸಿದರೆ ಹೇಗೆ? ಅದೇ ಕ್ಷೇತ್ರ 1922ರಲ್ಲಿ ಅವರನ್ನು ಮತ್ತೆ ಆರಿಸಿತು. ಅಷ್ಟರಲ್ಲಿ 30 ದಾಟಿದ ಹೆಂಗಸರಲ್ಲಿ ಹೆಚ್ಚಿನವರಿಗೆ ಮತ ಸಿಕ್ಕಿತ್ತು, ಅಲ್ವಾ?